ಎರಡು ದನಿ ಕೂಡಬೇಕಾದರೆ ಮೊದಲು ಶ್ರುತಿ ಬದಲಿಸಿ

ಪ್ರಶ್ನೆ: ನನಗೆ 61 ವರ್ಷ, ನಮ್ಮ ಮನೆಯವರಿಗೆ (ಹೆಂಡತಿಗೆ) 58. ನಾನು ಗಿಟಾರ್ ಹಿಡಿದು ಭಾವಗೀತೆ, ಹಳೆಯ ಇಂಗ್ಲಿಷ್ ಹಾಡು ಹಾಡುತ್ತೇನೆ. ಶ್ರುತಿ ಒಂದೂವರೆ ಮನೆ, ಅಂದರೆ ನನ್ನ ಷಡ್ಜ ಸಿ ಶಾರ್ಪ್. ಅವರು ಕರ್ನಾಟಕ ಸಂಗೀತ ಕಲಿತವರು, ಶ್ರುತಿ ಐದೂವರೆ, ಅಂದರೆ ಜಿ ಶಾರ್ಪ್. ಅಮೆರಿಕದ ಕಂಟ್ರಿ ಸಂಗೀತದ ಎಮಿಲೂ ಹ್ಯಾರಿಸ್ ಮತ್ತು ರಾಡ್ನಿ ಕ್ರೋವೆಲ್ ಅವರ ಆಲ್ಬಮ್ ‘ಓಲ್ಡ್ ಯೆಲ್ಲೋ ಮೂನ್’ ಕೇಳಿದ ಮೇಲೆ ನಾವೂ ಹಾಗೆ ಜೊತೆಯಾಗಿ ಆರು ಹಾಡು ಮುದ್ರಿಸಿ ಯೂಟ್ಯೂಬ್‌ಗೆ ಹಾಕೋಣ ಅನ್ನಿಸಿದೆ. ಆದರೆ ನಾವು ಹಾಡಿದರೆ ಒಂದೋ ಇಬ್ಬರೂ ಅದೇ ಧಾಟಿ ಹಾಡಿದಂತಾಗುತ್ತದೆ, ಇಲ್ಲವೇ ಅಪಸ್ವರ. ಅವರಿಬ್ಬರೂ ಮಾಡುತ್ತಿರುವುದು ಏನು? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ತೊಂದರೆ ನಿಮ್ಮ ಗಂಟಲಿನಲ್ಲಿಲ್ಲ. ನೀವು ನಿಮ್ಮ ಒಂದೂವರೆಯಲ್ಲೇ ಹಾಡು ಎತ್ತಿಕೊಂಡು, ಅವರನ್ನು ಅದಕ್ಕೆ ಹೊಂದಿಸಲು ನೋಡುತ್ತಿದ್ದೀರಿ ಎಂದು ಕಾಣುತ್ತದೆ. ಆ ಶ್ರುತಿಯಲ್ಲಿ ಹಾರ್ಮನಿ (ಧಾಟಿಯ ಜೊತೆಗೇ ಅದಕ್ಕೆ ಹೊಂದುವ ಬೇರೆ ಸ್ವರ) ಹಾಡಲು ಅವರಿಗೆ ಜಾಗವೇ ಇಲ್ಲ. ಅದರ ಲೆಕ್ಕ ಮುಂದೆ ಬರುತ್ತದೆ. ಮೊದಲು ಆಲ್ಬಮ್‌ನ ವಿಷಯ.

‘ಓಲ್ಡ್ ಯೆಲ್ಲೋ ಮೂನ್’ ನಾನ್‌ಸಚ್ ಕಂಪನಿಯಿಂದ 2013ರ ಫೆಬ್ರುವರಿಯಲ್ಲಿ ಬಂತು. ಆಗ ಹ್ಯಾರಿಸ್‌ಗೆ 65, ಕ್ರೋವೆಲ್‌ಗೆ 62. ಆದರೆ ಆ ಜೋಡಿ ಕೂಡಿದ್ದು 1975ರಲ್ಲಿ. ಹ್ಯಾರಿಸ್ ಹಾರ್ಮನಿ ಕಲಿತದ್ದು ಅದಕ್ಕೂ ಮೊದಲು, ಗಾಯಕ ಗ್ರ್ಯಾಮ್ ಪಾರ್ಸನ್ಸ್ ಪಕ್ಕದಲ್ಲಿ ನಿಂತು. 1973ರಲ್ಲಿ 26ನೇ ವಯಸ್ಸಿಗೇ ಪಾರ್ಸನ್ಸ್ ತೀರಿಕೊಂಡ. ಹ್ಯಾರಿಸ್ ತಮ್ಮದೇ ‘ಹಾಟ್ ಬ್ಯಾಂಡ್’ ಕಟ್ಟಿದಾಗ ರಿದಂ ಗಿಟಾರ್‌ಗೂ ಜೊತೆ ದನಿಗೂ ಬಂದವರು ಟೆಕ್ಸಾಸ್‌ನ ಕ್ರೋವೆಲ್. 1975ರ ‘ಪೀಸಸ್ ಆಫ್ ದ ಸ್ಕೈ’ ಆಲ್ಬಮ್‌ನ ಮೊದಲ ಹಾಡು ‘ಬ್ಲೂಬರ್ಡ್ ವೈನ್’ ಅವರು ಬರೆದದ್ದೇ. 38 ವರ್ಷದ ಮೇಲೆ ಅದೇ ಹಾಡು ಈ ಆಲ್ಬಮ್‌ನಲ್ಲಿ ಮತ್ತೆ ಬರುತ್ತದೆ. ನಿರ್ಮಾಪಕರೂ ಅಂದಿನ ಬ್ರಯನ್ ಅಹರ್ನ್ ಅವರೇ. 12 ಹಾಡುಗಳಲ್ಲಿ ಕ್ರೋವೆಲ್ ಬರೆದದ್ದು ಅಥವಾ ಜೊತೆಗೂಡಿ ಬರೆದದ್ದು ನಾಲ್ಕು. ಹಾಟ್ ಬ್ಯಾಂಡ್‌ನಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ಹ್ಯಾಂಕ್ ಡಿವಿಟೊ ಅವರ ಕೈ ಮೂರು ಹಾಡುಗಳಲ್ಲಿದೆ, ಶೀರ್ಷಿಕೆ ಗೀತೆಯೂ ಸೇರಿ. ಮರುವರ್ಷ ಅಮೆರಿಕಾನಾ ವಿಭಾಗದಲ್ಲಿ ಗ್ರ್ಯಾಮಿ ಬಂತು. ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ: ನೀವು ಕೇಳಿದ ಆ ಬೆಸುಗೆ ಸ್ಟುಡಿಯೋದಲ್ಲಿ ಹಾಕಿದ್ದಲ್ಲ. ಒಬ್ಬರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಇನ್ನೊಬ್ಬರಿಗೆ ಹತ್ತಾರು ವರ್ಷದಿಂದ ಗೊತ್ತು. ಗಂಡಹೆಂಡಿರಾದ ನಿಮಗೆ ಆ ಲಾಭ ಸ್ವಲ್ಪ ಮಟ್ಟಿಗೆ ಮೊದಲೇ ಇದೆ.

ನಮ್ಮ ಸಿನಿಮಾ ಯುಗಳಗೀತೆಗೂ ಇದಕ್ಕೂ ಮೂಲದಲ್ಲೇ ಬೇರೆ. ನಮ್ಮಲ್ಲಿ ನಾಯಕ ಒಂದು ಸಾಲು, ನಾಯಕಿ ಒಂದು ಸಾಲು. ಸೇರಿದಾಗ ಇಬ್ಬರದೂ ಹೆಚ್ಚಾಗಿ ಅದೇ ಸ್ವರ, ಸ್ಥಾಯಿ ಮಾತ್ರ ಬೇರೆ. ಕಂಟ್ರಿ ಪದ್ಧತಿ ಬಂದದ್ದು ಅಣ್ಣತಮ್ಮಂದಿರ ಜೋಡಿಗಳಿಂದ. ಲೂವಿನ್ ಸಹೋದರರು, ಎವರ್ಲಿ ಸಹೋದರರು ಹಾಡಿದಂತೆ ಒಬ್ಬ ಮುಖ್ಯ ಧಾಟಿ ಹಿಡಿದರೆ, ಇನ್ನೊಬ್ಬ ಅದೇ ಮಾತನ್ನು ಅದೇ ಕ್ಷಣದಲ್ಲಿ ಮೂರನೆಯ ಅಥವಾ ನಾಲ್ಕನೆಯ ಸ್ವರದಷ್ಟು (ಧಾಟಿಯ ಸ್ವರವನ್ನೂ ಸೇರಿಸಿ ಎಣಿಸಿದರೆ) ಮೇಲಿನಿಂದ ಹಾಡುತ್ತಾನೆ. ಪಾರ್ಸನ್ಸ್ ಜೊತೆ ಹ್ಯಾರಿಸ್ ಮಾಡಿದ್ದು ಇದನ್ನೇ: ಗಂಡು ದನಿ ಕೆಳಗೆ ಧಾಟಿ, ಹೆಣ್ಣು ದನಿ ಮೇಲೆ ಹಾರ್ಮನಿ.

ಈಗ ಲೆಕ್ಕ. ಸಾಮಾನ್ಯ ಕಂಟ್ರಿ ಹಾಡು ಮಂದ್ರ (ಕೆಳ ಸ್ಥಾಯಿಯ) ಪಂಚಮದಿಂದ ಮಧ್ಯ ಸ್ಥಾಯಿಯ ಧೈವತದವರೆಗೆ ಓಡಾಡುತ್ತದೆ ಎಂದಿಟ್ಟುಕೊಳ್ಳಿ. ಒಂದೂವರೆಯಲ್ಲಿ ನೀವು ಮಂದ್ರ ಪಂಚಮ ಹಾಡಿದಾಗ ಅವರು ಹಿಡಿಯಬೇಕಾದ ಸ್ವರ ನಿಮ್ಮ ಮಧ್ಯ ಷಡ್ಜ. ಅದು ಅವರ ಐದೂವರೆಯ ಮಂದ್ರ ಪಂಚಮಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಬೀಳುತ್ತದೆ. ದನಿ ಹೊರಡುವುದಿಲ್ಲ. ಆಗ ಗಂಟಲು ತಾನಾಗಿಯೇ ಒಂದು ಸ್ಥಾಯಿ ಮೇಲಕ್ಕೆ ಹಾರಿ ನಿಮ್ಮದೇ ಧಾಟಿಯನ್ನು ಹಾಡುತ್ತದೆ. ನೀವು ಬರೆದ ‘ಅದೇ ಧಾಟಿ’ ಇದು. ನಡುವೆ ಎಲ್ಲೋ ಸಿಕ್ಕಿಕೊಂಡರೆ ಅದೇ ಅಪಸ್ವರ.

ಹಾಡನ್ನು ಐದು ಮನೆಗೆ, ಅಂದರೆ ಗಿಟಾರಿನ ಜಿ ಕೀಗೆ ಎತ್ತಿ. ಆಗ ನಿಮ್ಮ ಅತಿ ಮೇಲಿನ ಸ್ವರ ನಿಮ್ಮ ಒಂದೂವರೆಯ ತಾರ (ಮೇಲಿನ ಸ್ಥಾಯಿಯ) ಅಂತರ ಗಾಂಧಾರಕ್ಕಿಂತ ಅರ್ಧ ಸ್ವರ ಕೆಳಗೇ ಉಳಿಯುತ್ತದೆ. ಅವರ ಹಾರ್ಮನಿ ಐದು ಮನೆಯ ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ, ಹೆಂಗಸರು ಮಾತಾಡಿದಷ್ಟು ಸಲೀಸಾಗಿ ಹಾಡುವ ಜಾಗದಲ್ಲಿ ಕೂರುತ್ತದೆ. ಈ ಶೈಲಿಯ ಗುಟ್ಟು ಇಷ್ಟೇ: ಗಂಡಸು ತನ್ನ ದನಿಯ ಮೇಲಿನ ಅರ್ಧದಲ್ಲಿ ಹಾಡಬೇಕು, ಹೆಂಗಸು ಕೆಳಗಿನ ಅರ್ಧದಲ್ಲಿ. ಐದು ನಿಮಗೆ ತ್ರಾಸವಾದರೆ ನಾಲ್ಕಕ್ಕೆ ಇಳಿಸಿ; ಮೂರನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿ ಡಿ ಆಕಾರದಲ್ಲಿ ನುಡಿಸಿ. ಐದೂವರೆಗೆ ಮಾತ್ರ ಹೋಗಬೇಡಿ. ಅಲ್ಲಿ ನಿಮ್ಮ ದನಿ ಅಂಚಿಗೆ ಬಂದು ನಿಲ್ಲುತ್ತದೆ, ಮೂರನೇ ಟೇಕ್‌ಗೆ ಹರಿಯುತ್ತದೆ.

ಇನ್ನು ಯಾವ ಸ್ವರಕ್ಕೆ ಯಾವ ಸ್ವರ ಎಂಬುದು. ಮನೆಯವರಿಗೆ ಕರ್ನಾಟಕ ಸಂಗೀತ ಗೊತ್ತಿರುವುದರಿಂದ ಇದು ಸುಲಭ. ಹಾಡು ಶಂಕರಾಭರಣ ರಾಗದ (ಪಾಶ್ಚಾತ್ಯರ ಮೇಜರ್ ಸ್ಕೇಲಿನ) ಸ್ವರಗಳಲ್ಲಿದೆ ಎಂದುಕೊಂಡು ‘ಸ’ಗೆ ‘ಗ’, ‘ರಿ’ಗೆ ‘ಮ’, ‘ಗ’ಗೆ ‘ಪ’ ಎಂದು ಎರಡು ಸ್ವರ ಮೇಲೆ ಹಾಡುತ್ತ ಹೋದರೆ ಮುಕ್ಕಾಲು ಭಾಗ ಸರಿಯಾಗುತ್ತದೆ. ಉಳಿದ ಕಾಲು ಭಾಗದಲ್ಲೇ ಎಲ್ಲರೂ ಎಡವುವುದು. ಗಿಟಾರ್ ‘ಸ-ಗ-ಪ’ ಕಾರ್ಡ್ (ಒಟ್ಟಿಗೆ ಮೀಟುವ ಮೂರು ಸ್ವರ) ನುಡಿಸುವಾಗ ನೀವು ‘ಪ’ ಮೇಲೆ ನಿಂತರೆ ಲೆಕ್ಕದ ಪ್ರಕಾರ ಅವರು ‘ನಿ’ ಹಾಡಬೇಕು. ಆದರೆ ‘ನಿ’ ಆ ಕಾರ್ಡಿನಲ್ಲಿಲ್ಲ, ಷಡ್ಜಕ್ಕೆ ಅರ್ಧ ಸ್ವರದಷ್ಟು ಹತ್ತಿರ ನಿಂತು ಕಚ್ಚುತ್ತದೆ. ಅಲ್ಲಿ ತಾರ ಷಡ್ಜಕ್ಕೇ ಹೋಗಬೇಕು. ಹೀಗೆ ನೆನಪಿಟ್ಟುಕೊಳ್ಳಿ: ಕಾರ್ಡಿನ ಮೂಲ ಸ್ವರ ನೀವು ಹಾಡಿದರೆ ಅವರು ಮಧ್ಯದ್ದು, ನೀವು ಮಧ್ಯದ್ದು ಹಾಡಿದರೆ ಅವರು ಮೇಲಿನದು, ನೀವು ಮೇಲಿನದು ಹಾಡಿದರೆ ಅವರು ಮುಂದಿನ ಸ್ಥಾಯಿಯ ಮೂಲ ಸ್ವರ. ‘ಮ-ದ-ಸ’ ಕಾರ್ಡಿಗೂ ‘ಪ-ನಿ-ರಿ’ ಕಾರ್ಡಿಗೂ ಇದೇ. ನಡುವಿನ ಓಡುವ ಸ್ವರಗಳಲ್ಲಿ ಎರಡು ಸ್ವರದ ಲೆಕ್ಕವೇ ಸಾಕು. ನಿಲ್ಲುವ ಸ್ವರಗಳಲ್ಲಿ ಕಾರ್ಡಿನ ಲೆಕ್ಕ ನೋಡಿ. ಸಾಹಿತ್ಯದ ಹಾಳೆಯಲ್ಲಿ ನಿಲ್ಲುವ ಅಕ್ಷರದ ಮೇಲೆ ಅವರ ಸ್ವರವನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡರೆ ವಾರದಲ್ಲಿ ಬಾಯಿಗೆ ಬರುತ್ತದೆ.

ಕೆಲವು ಹಾಡು ನಿಮ್ಮ ತಗ್ಗು ದನಿಯಲ್ಲೇ ಚೆಂದ ಎನಿಸಬಹುದು. ಆಗ ಒಂದೂವರೆಯಲ್ಲೇ ಬಿಟ್ಟು, ಅವರನ್ನು ಇನ್ನೊಂದು ಮೆಟ್ಟಿಲು ಮೇಲೆ ಹಾಡಿಸಿ: ಮೂಲ ಸ್ವರಕ್ಕೆ ಮೇಲಿನದು, ಮಧ್ಯದ್ದಕ್ಕೆ ಮುಂದಿನ ಮೂಲ, ಮೇಲಿನದಕ್ಕೆ ಮುಂದಿನ ಮಧ್ಯ. ಕೇಳಲು ಹಿತವಾಗಿರುತ್ತದೆ, ಆದರೆ ಎರಡು ದನಿಗಳ ನಡುವೆ ಗಾಳಿ ಹೆಚ್ಚು; ಅಣ್ಣತಮ್ಮಂದಿರ ಜೋಡಿಯ ಆ ಬಿಗಿ ಸಿಗುವುದಿಲ್ಲ. ಆರು ಹಾಡಿನಲ್ಲಿ ಒಂದಕ್ಕೆ ಸಾಕು.

ಅವರು ಮುಖ್ಯ ಧಾಟಿ ಹಾಡುವ ಹಾಡುಗಳಿಗೆ ಆರೂವರೆ ಒಳ್ಳೆಯದು: ಮೂರನೇ ಫ್ರೆಟ್‌ಗೆ ಕೇಪೊ, ಜಿ ಆಕಾರ. ನೀವು ಅದೇ ಸೂತ್ರವನ್ನು ತಿರುಗಿಸಿ ಕೆಳಗಿನಿಂದ ಹಾಡುತ್ತೀರಿ. ಅವರು ಮಧ್ಯದ ಸ್ವರದಲ್ಲಿದ್ದರೆ ನೀವು ಮೂಲದಲ್ಲಿ, ಅವರು ಮೇಲಿನದರಲ್ಲಿದ್ದರೆ ನೀವು ಮಧ್ಯದಲ್ಲಿ, ಅವರು ಮೂಲದಲ್ಲಿದ್ದರೆ ನೀವು ಅದರ ಕೆಳಗಿನ ಪಂಚಮದಲ್ಲಿ.

ಇಷ್ಟಾದರೂ ದನಿ ಕೂಡದಿದ್ದರೆ ಎರಡು ಕಡೆ ಹುಡುಕಿ. ಮೊದಲನೆಯದು ಗಮಕ. ಕರ್ನಾಟಕ ಸಂಗೀತ ಕಲಿತ ಗಂಟಲು ನಿಂತ ಸ್ವರವನ್ನೂ ಸಣ್ಣಗೆ ಅಲ್ಲಾಡಿಸುತ್ತದೆ, ಒಂದರಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಒಬ್ಬರೇ ಹಾಡುವಾಗ ಅದೇ ಸೊಗಸು. ಎರಡು ದನಿ ಮೂರನೆಯ ಸ್ವರದ ಅಂತರದಲ್ಲಿ ನಿಂತಾಗ ಒಂದು ಅಲ್ಲಾಡಿದರೂ ಇನ್ನೊಂದು ಬೇಸುರಾದಂತೆ ಕೇಳುತ್ತದೆ. ಅವರಿಗೆ ‘ಸರಳೆ ವರಸೆ ಕಲಿಸುವಾಗ ಮಕ್ಕಳಿಗೆ ಹಾಡಿ ತೋರಿಸುವ ಹಾಗೆ ಹಾಡಿ’ ಎಂದರೆ ಸಾಕು, ಅರ್ಥವಾಗುತ್ತದೆ. ಜಾರು ಬೇಕೇ ಬೇಕೆನಿಸಿದರೆ ಇಬ್ಬರೂ ಒಂದೇ ಅಕ್ಷರದಲ್ಲಿ, ಒಂದೇ ವೇಗದಲ್ಲಿ ಜಾರಬೇಕು.

ಎರಡನೆಯದು ಹೆಚ್ಚಿನವರ ಗಮನಕ್ಕೆ ಬರದ ಸಂಗತಿ, ಗಾಂಧಾರದ ಸ್ಥಾನ. ತಂಬೂರಿಗೆ ಕೂಡಿಸಿ ಹಾಡುವವರ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿರುತ್ತದೆ (ಒಂದು ಅರ್ಧ ಸ್ವರಕ್ಕೆ 100 ಸೆಂಟ್). ಗಿಟಾರ್, ಕೀಬೋರ್ಡ್‌ಗಳಲ್ಲಿ ಅದು 400. ಈ 14 ಸೆಂಟ್ ವ್ಯತ್ಯಾಸ ಓಡುವ ಸಾಲಿನಲ್ಲಿ ತಿಳಿಯುವುದಿಲ್ಲ, ಆದರೆ ಪಲ್ಲವಿಯ ಕೊನೆಯಲ್ಲಿ ಸ್ವರ ಎಳೆದು ನಿಲ್ಲಿಸಿದಾಗ ಗಿಟಾರ್ ಮತ್ತು ದನಿ ಒಂದಕ್ಕೊಂದು ಉಜ್ಜುತ್ತವೆ. ಆಗ ಎಲ್ಲರೂ ಹಾಡುವವರನ್ನೇ ಬೈಯುತ್ತಾರೆ. ತಪ್ಪು ಅವರದ್ದಲ್ಲ, ಎರಡು ದನಿ ಪರಸ್ಪರ ಕೇಳಿಸಿಕೊಂಡು ಕೂಡುವುದು ಆ 386ರ ಹತ್ತಿರವೇ. ಪರಿಹಾರ ಗಿಟಾರಿನಲ್ಲಿದೆ: ಅಂಥ ಜಾಗದಲ್ಲಿ ಜಿ ಕಾರ್ಡಿನ ಗಾಂಧಾರವನ್ನೇ ತೆಗೆದುಬಿಡಿ. ಆರನೇ ತಂತಿ ಮೂರನೇ ಫ್ರೆಟ್, ಐದನೇ ತಂತಿಯನ್ನು ಬೆರಳಿನಿಂದ ಮುಟ್ಟಿ ಮೌನವಾಗಿಸಿ, ನಾಲ್ಕು ಮತ್ತು ಮೂರು ಖಾಲಿ, ಎರಡನೆಯದೂ ಒಂದನೆಯದೂ ಮೂರನೇ ಫ್ರೆಟ್. ಈಗ ಗಿಟಾರಿನಲ್ಲಿ ಷಡ್ಜ ಪಂಚಮ ಮಾತ್ರ ಉಳಿದವು, ತಂಬೂರಿಯಂತೆಯೇ. ಗಾಂಧಾರ ಅವರ ದನಿಯಿಂದಷ್ಟೇ ಬರುತ್ತದೆ, ಉಜ್ಜುವುದಕ್ಕೆ ಎದುರಿಗೆ ಏನೂ ಇರುವುದಿಲ್ಲ. ಇದೇ ಕಾರಣಕ್ಕೆ ಮುದ್ರಿಸಿದ ಮೇಲೆ ಹಾರ್ಮನಿ ದನಿಗೆ ಆಟೋಟ್ಯೂನ್ (ಸ್ವರ ತಿದ್ದುವ ಸಾಫ್ಟ್‌ವೇರ್) ಹಾಕಿಸಬೇಡಿ. ಅದು ದನಿಯನ್ನು ಎಳೆದು 400ಕ್ಕೆ ಕೂರಿಸುತ್ತದೆ, ಬೆಸುಗೆ ಬಿಟ್ಟುಹೋಗುತ್ತದೆ.

ಅಭ್ಯಾಸದ ಕ್ರಮ. ಹಾರ್ಮನಿ ಹಾಡುವವರು ಮೊದಲು ಮುಖ್ಯ ಧಾಟಿಯನ್ನೇ ಬಾಯಿಪಾಠ ಮಾಡಬೇಕು. ಇದನ್ನು ಬಿಟ್ಟು ನೇರ ಹಾರ್ಮನಿ ಕಲಿತವರು ವೇದಿಕೆಯಲ್ಲಿ ಧಾಟಿಗೆ ಜಾರುತ್ತಾರೆ. ಆಮೇಲೆ ನಿಮಿಷಕ್ಕೆ 60 ಹೆಜ್ಜೆಯ ಮೆಟ್ರೊನೋಮ್ ಇಟ್ಟುಕೊಂಡು, ಪ್ರತಿ ಸ್ವರವನ್ನು ನಾಲ್ಕು ಹೆಜ್ಜೆ ಎಳೆದು, ಮೊದಲು ಬಾಯಿ ಮುಚ್ಚಿ ‘ಮ್’, ನಂತರ ‘ಆ’, ಕೊನೆಗೆ ಮಾತು. ಬಾಯಿ ಮುಚ್ಚಿ ಗುನುಗುವಾಗ ಎದುರಿನವರ ದನಿ ಚೆನ್ನಾಗಿ ಕೇಳುತ್ತದೆ, ಸ್ವರ ಕೂಡಿದ್ದು ಎದೆಗೇ ಗೊತ್ತಾಗುತ್ತದೆ. ನೀವು ಅವರ ಕಡೆ ಎಳೆದುಹೋಗುತ್ತಿದ್ದರೆ ಹಾರ್ಮನಿ ಅರ್ಧ ದನಿಯಲ್ಲಿರಲಿ, ಧಾಟಿ ಪೂರ್ತಿ ದನಿಯಲ್ಲಿ. ಫೋನನ್ನು ಇಬ್ಬರಿಗೂ ಸಮದೂರದಲ್ಲಿಟ್ಟು ದಿನವೂ ಒಂದು ಚರಣ ಮುದ್ರಿಸಿ, ಮರುದಿನ ಬೆಳಿಗ್ಗೆ ಕೇಳಿ. ಹಾಡಿದ ಕೂಡಲೇ ಕೇಳಿದರೆ ತಪ್ಪು ಕಾಣುವುದಿಲ್ಲ.

ಮಾತು ಕೂಡುವುದು ಸ್ವರ ಕೂಡುವುದಕ್ಕಿಂತ ಕಷ್ಟ. ಇಂಗ್ಲಿಷ್ ಹಾಡಿನಲ್ಲಿ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ, ಇಬ್ಬರೂ ‘ಸ್’, ‘ಟ್’ ಹೇಳಿದರೆ ಎರಡೆರಡು ಬಾರಿ ಸಿಡಿಯುತ್ತದೆ. ಆ ಕೊನೆಯ ವ್ಯಂಜನವನ್ನು ಧಾಟಿಯವರು ಮಾತ್ರ ಹೇಳಲಿ, ಹಾರ್ಮನಿಯವರು ನುಂಗಿಬಿಡಲಿ. ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಈ ಕಾಟ ಕಡಿಮೆ, ಬದಲಿಗೆ ಇನ್ನೊಂದು ಬರುತ್ತದೆ: ‘ಮನೆ’ಯ ಎಕಾರವನ್ನು ಒಬ್ಬರು ಅಗಲ ಬಾಯಲ್ಲೂ ಇನ್ನೊಬ್ಬರು ಕಿರಿದಾಗಿಯೂ ಎಳೆದರೆ ಸ್ವರ ಸರಿಯಿದ್ದೂ ಬೇಸುರು ಅನ್ನಿಸುತ್ತದೆ. ಎದುರುಬದುರು ನಿಂತು ಒಬ್ಬರ ಬಾಯಿ ಇನ್ನೊಬ್ಬರು ನೋಡುತ್ತ ಹಾಡಿ. ಉಸಿರಿನ ಜಾಗಕ್ಕೆ ಹಾಳೆಯಲ್ಲಿ ಗೀಟು ಹಾಕಿ. ಸಾಲು ಎಲ್ಲಿ ನಿಲ್ಲುತ್ತದೆಂದು ತೀರ್ಮಾನಿಸುವುದು ಧಾಟಿಯವರ ಹಕ್ಕು, ಅದರಲ್ಲಿ ಚರ್ಚೆ ಬೇಡ.

ಎಲ್ಲ ಸಾಲನ್ನೂ ಒಟ್ಟಿಗೆ ಹಾಡಬೇಡಿ. ‘ಓಲ್ಡ್ ಯೆಲ್ಲೋ ಮೂನ್’ ಅನ್ನು ಮತ್ತೆ ಕೇಳಿ ನೋಡಿ, ಎಷ್ಟೋ ಹೊತ್ತು ಒಬ್ಬರೇ ಹಾಡುತ್ತಿರುತ್ತಾರೆ. ಎರಡನೆಯ ದನಿ ಕಾದಿದ್ದು ಬಂದಾಗಲೇ ಅದಕ್ಕೆ ಬೆಲೆ. ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ ಅವರ 1983ರ ‘ಪ್ಯಾಂಚೊ ಅಂಡ್ ಲೆಫ್ಟಿ’ ಶೀರ್ಷಿಕೆ ಗೀತೆಯಲ್ಲಿ ಹ್ಯಾಗರ್ಡ್ ದನಿ ಬರುವುದೇ ಕೊನೆಯ ಚರಣಕ್ಕೆ. ಆ ಹಾಡು ಜನರ ಮನಸ್ಸಿನಲ್ಲಿ ಉಳಿದದ್ದಕ್ಕೆ ಅದೂ ಒಂದು ಕಾರಣ. ನೆಲ್ಸನ್ ತಾಳಕ್ಕೆ ಹಿಂದೆ ಮುಂದೆ ಎಳೆದು ಹಾಡುವವರು, ಅಂಥ ದನಿಯ ಮೇಲೆ ಬಿಗಿಯಾದ ಹಾರ್ಮನಿ ಕೂರಿಸುವುದಕ್ಕಿಂತ ಚರಣ ಹಂಚಿಕೊಳ್ಳುವುದೇ ಜಾಣತನ. ಜಾನ್ ಪ್ರೈನ್ 1999ರಲ್ಲಿ ಹಲವು ಗಾಯಕಿಯರ ಜೊತೆ ಮಾಡಿದ ‘ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್’ ಆಲ್ಬಮ್ಮಂತೂ ಮೂರನೆಯ ದಾರಿ. ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲಿನ ಒರಟು ದನಿ ಅದು, ಯಾರೊಂದಿಗೂ ನಯವಾಗಿ ಕೂಡುವುದಿಲ್ಲ. ಆ ಹಾಡುಗಳು ನಡೆಯುವುದು ಗಂಡಹೆಂಡಿರ ಮಾತುಕತೆಯ ಬಲದ ಮೇಲೆ. ನಿಮ್ಮ ಆರರಲ್ಲಿ ಒಂದಾದರೂ ಹಾಗಿರಲಿ. ಉಳಿದಂತೆ ಅವರು ಧಾಟಿ ಹಿಡಿಯುವುದು ಎರಡು, ನೀವು ಎರಡು, ಮೊದಲಿನಿಂದ ಕೊನೆಯವರೆಗೆ ಜೋಡಿಯಾಗಿ ಹಾಡುವುದು ಒಂದೇ ಒಂದು.

ವಯಸ್ಸಿನ ಲೆಕ್ಕವೂ ಹಿಡಿಯಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸಾಮಾನ್ಯವಾಗಿ ತಗ್ಗುತ್ತದೆ. ಇಬ್ಬರಿಗೂ ಉಸಿರು ಗಿಡ್ಡವಾಗುತ್ತದೆ, ಸ್ವರ ನಿಲ್ಲಿಸಿದಾಗ ಬರುವ ಕಂಪನ ನಿಧಾನವಾಗಿ ಅಗಲವಾಗುತ್ತದೆ. ಎರಡು ಅಗಲ ಕಂಪನಗಳು ಬೇರೆ ಬೇರೆ ವೇಗದಲ್ಲಿದ್ದರೆ ಕೇಳುವವರಿಗೆ ಸುಸ್ತು. ಮದ್ದು: ಸ್ವರವನ್ನು ಎಳೆಯುವ ಬದಲು ಬೇಗ ಬಿಟ್ಟುಬಿಡಿ, ದನಿ ತಗ್ಗಿಸಿ ಮೈಕ್‌ಗೆ ಹತ್ತಿರವಾಗಿ. ಹ್ಯಾರಿಸ್ ಈ ಆಲ್ಬಮ್‌ನಲ್ಲಿ ಮುಕ್ಕಾಲು ಗಾಳಿ ಕಾಲು ದನಿ ಎನ್ನುವಂತೆ ಹಾಡುವ ಜಾಗಗಳಿವೆ. ಅಬ್ಬರದ ಹಾಡುಗಳಿಗಿಂತ ಆ ನಿಧಾನದ ಹಾಡುಗಳೇ ಇಲ್ಲಿ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ.

ಮುದ್ರಣಕ್ಕೆ ಮನೆಯೇ ಸಾಕು. ಬಟ್ಟೆ ತುಂಬಿದ ಬೀರುವಿರುವ ಮಲಗುವ ಕೋಣೆ, ಗೋಡೆಗೆ ಎರಡು ದಪ್ಪ ಕೌದಿ, ಫ್ಯಾನು ಬಂದ್. ಎರಡೂ ಕಡೆಯಿಂದ ದನಿ ಹಿಡಿಯುವ ‘ಫಿಗರ್ ಎಂಟು’ ಮೈಕ್ ಸಿಕ್ಕರೆ ಒಂದೇ ಮೈಕ್‌ನ ಆಚೀಚೆ, ತಲಾ ಒಂದರಿಂದ ಒಂದೂವರೆ ಅಡಿ ದೂರದಲ್ಲಿ ಎದುರುಬದುರು ನಿಲ್ಲಿ. ಹಾರ್ಮನಿ ಹೆಚ್ಚಾದರೆ ಗುಂಡಿ ತಿರುಗಿಸುವ ಬದಲು ಹಾಡುವವರೇ ಅರ್ಧ ಹೆಜ್ಜೆ ಹಿಂದೆ ಸರಿಯಲಿ. ದೂರ ಇಮ್ಮಡಿಯಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಇದರಲ್ಲಿ ಒಬ್ಬರ ತಪ್ಪನ್ನು ಆಮೇಲೆ ಬೇರೆಯಾಗಿ ತಿದ್ದಲು ಆಗದು, ಇಡೀ ಟೇಕ್ ಮತ್ತೆ ಹಾಡಬೇಕು. ಎರಡು ಮೈಕ್ ಇಟ್ಟರೆ ಅವುಗಳ ನಡುವಿನ ದೂರ ಬಾಯಿಗೂ ಮೈಕ್‌ಗೂ ಇರುವ ದೂರದ ಮೂರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಒಂದೇ ದನಿ ಎರಡು ಮೈಕ್‌ಗೂ ತುಸು ಹಿಂದುಮುಂದಾಗಿ ತಲುಪಿ, ಕೂಡಿಸಿದಾಗ ಡಬ್ಬದೊಳಗಿಂದ ಬಂದಂತೆ ತೆಳುವಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಒಂದು ಕಿವಿ ತೆರೆದಿರಲಿ, ಸದ್ದು ಕಡಿಮೆಯಿರಲಿ. ಜೋರಾಗಿ ಕೇಳುತ್ತ ಹಾಡಿದರೆ ಶ್ರುತಿ ಇಳಿಯುತ್ತದೆ. ಒಂದು ಹಾಡಿಗೆ ನಾಲ್ಕು ಟೇಕ್, ಅಲ್ಲಿಗೆ ಸಾಕು ಮಾಡಿ. ಐದನೆಯದರಲ್ಲಿ ಸ್ವರ ಸರಿಯಿದ್ದರೂ ಜೀವ ಇರುವುದಿಲ್ಲ.

ಮಿಕ್ಸಿಂಗ್‌ನಲ್ಲಿ ಹೆಚ್ಚು ಕೈ ಆಡಿಸಬೇಡಿ. 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ, ಧಾಟಿ ಮಧ್ಯಕ್ಕೆ, ಹಾರ್ಮನಿ 2–3 ಡೆಸಿಬೆಲ್ ಕಡಿಮೆ, ಬೇಕಿದ್ದರೆ ತುಸು ಪಕ್ಕಕ್ಕೆ. ಒಬ್ಬರನ್ನು ಪೂರ್ತಿ ಎಡಕ್ಕೆ, ಇನ್ನೊಬ್ಬರನ್ನು ಪೂರ್ತಿ ಬಲಕ್ಕೆ ತಳ್ಳಿದರೆ ಬೆಸುಗೆ ಒಡೆಯುತ್ತದೆ. ಇಬ್ಬರಿಗೂ ಒಂದೇ ರಿವರ್ಬ್ (ಕೋಣೆಯ ಮಾರ್ದನಿಯ ಪರಿಣಾಮ) ಹಾಕಿ. ಬೇರೆ ಬೇರೆ ಹಾಕಿದರೆ ಒಬ್ಬರು ಬಚ್ಚಲಲ್ಲಿ, ಇನ್ನೊಬ್ಬರು ದೇವಸ್ಥಾನದಲ್ಲಿ ಹಾಡಿದ ಹಾಗಿರುತ್ತದೆ.

ಯೂಟ್ಯೂಬ್ ಎಂದಿರಿ, ಹಾಗಾಗಿ ಹಕ್ಕಿನ ಮಾತು. ಭಾರತದಲ್ಲಿ ಸಾಹಿತ್ಯದ ಕೃತಿಸ್ವಾಮ್ಯ ಕವಿ ತೀರಿಕೊಂಡ ನಂತರ 60 ವರ್ಷ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ಅದು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಇರುತ್ತದೆ. ಧಾಟಿ ಹಾಕಿದವರ ಹಕ್ಕು ಬೇರೆಯೇ. ಅಮೆರಿಕದ ಹಾಡಿನ ಧಾಟಿಗೆ ಕನ್ನಡ ಮಾತು ಕೂರಿಸುವುದಿದ್ದರೆ ಅದು ರೂಪಾಂತರವಾಗುತ್ತದೆ, ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ವಚನ, ದಾಸರ ಪದ, ಜನಪದ ಗೀತೆಗಳನ್ನು ನಿಮ್ಮದೇ ಧಾಟಿಯಲ್ಲಿ ಹಾಡಿದರೆ ಈ ತಲೆನೋವಿಲ್ಲ. ಶಂಕರಾಭರಣಕ್ಕೆ ಹತ್ತಿರದ ಧಾಟಿಯದ್ದೇ ಆರಿಸಿ. ನಿಮ್ಮ ಗಿಟಾರಿಗೂ ಅದು ಒಗ್ಗುತ್ತದೆ.

ಹಾಡನ್ನು ಯೂಟ್ಯೂಬ್‌ಗೆ ಹಾಕುವ ಮುನ್ನ ಫೋನಿನ ಒಂದೇ ಸ್ಪೀಕರಿನಲ್ಲಿ, ಮೋನೊ ಮಾಡಿ (ಎಡ ಬಲ ಎರಡನ್ನೂ ಒಂದಾಗಿಸಿ) ಒಮ್ಮೆ ಕೇಳಿ. ಹೆಚ್ಚಿನವರು ಕೇಳುವುದು ಹಾಗೆಯೇ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದ ಹಾರ್ಮನಿ ಅಲ್ಲಿ ಮಾಯವಾದರೆ ಎರಡು ಮೈಕ್‌ಗಳ ದೂರದಲ್ಲಿ ತಪ್ಪಾಗಿದೆ, ಮತ್ತೆ ಮುದ್ರಿಸಬೇಕು. ಬರೀ ಸದ್ದು ಕಡಿಮೆ ಎನಿಸಿದರೆ ಒಂದು ಡೆಸಿಬೆಲ್ ಏರಿಸಿ.